ಅರವತ್ತಮೂರು ಕತ್ತೆಗಳ ಕಡತ

ನನಗೆ ನೋಟಿಸು ಬಂದದ್ದು ಗುರುವಾರ ಬೆಳಿಗ್ಗೆ, ಹುಡುಗಿಯರಿಗೆ ಉಪ್ಪಿಟ್ಟು ನೀಡುತ್ತಿದ್ದಾಗ. ಬಲಗೈಯಲ್ಲಿ ಸೌಟು ಇತ್ತು, ಎಡಗೈಯಲ್ಲಿ ಹಿಡಿದು ಓದಿದೆ. "ತಾವು ಸಂಸ್ಥೆಯ ಕಾರ್ಯದರ್ಶಿಯವರನ್ನು ಕಳೆದ ಇಪ್ಪತ್ತೊಂದು ದಿನಗಳಲ್ಲಿ, ದಿನಕ್ಕೆ ಮೂರರಂತೆ, ಒಟ್ಟು ಅರವತ್ತಮೂರು ಸಲ ಲಿಖಿತವಾಗಿ ಕತ್ತೆ ಎಂದು ಸಂಬೋಧಿಸಿರುತ್ತೀರಿ. ಬರುವ ಸೋಮವಾರ ಆಳಂದದ ಕಚೇರಿಯಲ್ಲಿ ವಿಚಾರಣೆಗೆ ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು. ಸಮಜಾಯಿಷಿ ಸಮಾಧಾನಕರವಾಗಿರದಿದ್ದಲ್ಲಿ ವಾರ್ಡನ್ ಹುದ್ದೆಯಿಂದ ತೆಗೆದುಹಾಕಲಾಗುವುದು."

ಚಾಳೀಸು ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಕತ್ತೆ ಅಲ್ಲಿಯೇ ಇತ್ತು.

ನಾನು ಶಿವಕಾಂತಾ. ನಿಂಬರ್ಗಾದಲ್ಲಿ ನಮ್ಮ ಸಂಸ್ಥೆಯ ಹೆಣ್ಣುಮಕ್ಕಳ ಹಾಸ್ಟೆಲು ನಡೆಸುತ್ತ ಹತ್ತೊಂಬತ್ತು ವರ್ಷವಾಯಿತು. ಮುಂದಿನ ಕೋಣೆಯೇ ನನ್ನ ಮನೆ. ನಲವತ್ತೆರಡು ಹುಡುಗಿಯರು ನನ್ನನ್ನು ಅಕ್ಕೋರ ಎನ್ನುತ್ತಾರೆ. ಬೇರೆ ಯಾವ ಸಂಬಂಧದ ಹೆಸರಿನಿಂದಲೂ ಈಗ ನನ್ನನ್ನು ಕರೆಯುವವರಿಲ್ಲ. ನನ್ನ ಬಾಯಿ ಸ್ವಲ್ಪ ಜೋರು ಎಂಬುದನ್ನು ಒಪ್ಪುತ್ತೇನೆ. ಕಾಳಿನಲ್ಲಿ ಹುಳ ಕಂಡರೆ ಅಂಗಡಿಯವನ ಏಳು ತಲೆಮಾರನ್ನು ಎಬ್ಬಿಸಿಬಿಡುತ್ತೇನೆ. ಆದರೆ ಕಾರ್ಯದರ್ಶಿಯವರನ್ನು ಕತ್ತೆ ಎನ್ನಬೇಕು ಎಂದು ನನಗೆ ಒಂದು ಸಲವೂ ಅನ್ನಿಸಿರಲಿಲ್ಲ. ಅರವತ್ತಮೂರು ಸಲ ಅಂದರೇನು! ಶಿವಭಕ್ತರಾದ ಅರವತ್ತಮೂರು ಪುರಾತನರ ಹೆಸರನ್ನು ಸಣ್ಣಂದಿನಿಂದ ಕೇಳಿದವಳು ನಾನು, ಅವರ ಹೆಸರನ್ನೇ ಒಂದು ಬೈಠಕ್ಕಿನಲ್ಲಿ ಪೂರ್ತಿ ಹೇಳಿದವಳಲ್ಲ.

ಇದಕ್ಕೆಲ್ಲ ಮೂಲ ಹೊಸ ಫೋನು.

ಕಾರ್ಯದರ್ಶಿ ಚೆಲುವರಾಜು ಅವರು ನಾಗಮಂಗಲದ ಕಡೆಯವರು, ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ಕೆಟ್ಟ ಮನುಷ್ಯರಲ್ಲ. ಆದರೆ ಕಡತದ ಮೇಲೆ ಅವರಿಗಿರುವ ಪ್ರೀತಿ ಕೆಲವರಿಗೆ ಮೊಮ್ಮಕ್ಕಳ ಮೇಲೂ ಇರುವುದಿಲ್ಲ. ಬಂದವರೇ ಹಾಜರಿ ಪುಸ್ತಕ, ದಿನಸಿ ಪುಸ್ತಕ ಎಲ್ಲ ರದ್ದು ಮಾಡಿದರು. ವಾರ್ಡನ್ನರಿಗೆಲ್ಲ ಒಂದೊಂದು ಹೊಸ ಫೋನು ಕಳಿಸಿ, ಅದರಲ್ಲೊಂದು ವರದಿ ಆಪ್ ಹಾಕಿಸಿ, ದಿನಕ್ಕೆ ಮೂರು ಸಲ ಹಾಸ್ಟೆಲಿನಲ್ಲಿ ಏನು ನಡೆಯುತ್ತಿದೆ ಎಂದು ಬರೆದು ಕಳಿಸಿ ಅಂದರು.

ನನ್ನ ಹಳೆಯದು ಹನ್ನೊಂದು ವರ್ಷದ ಬಟನ್ ಫೋನು. ಮೂರು ಸಲ ಹಿಟ್ಟಿನ ಡಬ್ಬಿಯೊಳಗೆ ಬಿದ್ದು ಎದ್ದಿತ್ತು. ಅದನ್ನು ಬಿಟ್ಟು ಹೊಸದು ಹಿಡಿದೆ. ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಮೆಲ್ಲಗೆ ಸುಲಿಯುವಾಗ ಆದ ಸುಖದ ಬಗ್ಗೆ ಸುಳ್ಳು ಹೇಳಲಾರೆ, ಬಹಳ ಚೆನ್ನಾಗಿತ್ತು. ಆ ಸುಖ ಅಲ್ಲಿಗೇ ಮುಗಿಯಿತು. ಪಾಸ್‌ವರ್ಡಿಗೆ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿತ್ರವಿಚಿತ್ರ ಚಿಹ್ನೆ ಬೇಕಂತೆ. ನಮ್ಮ ದಿನಸಿ ಕೋಣೆಗೆ ಒಂದೇ ಬೀಗ, ಅದಕ್ಕೆ ಒಂದೇ ಕೀಲಿಕೈ, ಹತ್ತೊಂಬತ್ತು ವರ್ಷದಲ್ಲಿ ಒಂದು ಕಾಳು ಕಳುವಾಗಿಲ್ಲ. ಆಪ್ ವಾರಕ್ಕೊಮ್ಮೆ ಅಪ್‌ಡೇಟ್ ಬೇಡುತ್ತಿತ್ತು. ಅಪ್‌ಡೇಟ್ ಆದ ಮೇಲೆ ಮೇಲಿದ್ದ ಬಟನ್ನು ಕೆಳಗೆ, ಹಸಿರು ಇದ್ದದ್ದು ನೀಲಿ. ಅಡುಗೆಯ ಮಾಳಮ್ಮ ಉಪ್ಪಿನ ಡಬ್ಬಿಯನ್ನು ಹೀಗೆ ವಾರಕ್ಕೊಂದು ಕಡೆ ಇಟ್ಟಿದ್ದರೆ ನಾನು ಅವಳನ್ನು ಎಂದೋ ಮನೆಗೆ ಕಳಿಸುತ್ತಿದ್ದೆ.

ಅದರಲ್ಲಿ ಬರೆಯುವುದಂತೂ ನನ್ನ ಕರ್ಮ. ನನ್ನ ಬೆರಳು ಕ ಒತ್ತಿದರೆ ಗ ಬೀಳುತ್ತಿತ್ತು. ನಾಲ್ಕು ಸಾಲಿನ ವರದಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಅಷ್ಟರಲ್ಲಿ ವರದಿ ಮಾಡಬೇಕಾದ ಸಾರು ಹಳಸುವ ಹೊತ್ತಾಗುತ್ತಿತ್ತು. ಒಂದು ದಿನ ತಡೆಯಲಾರದೆ ಆಳಂದಕ್ಕೆ ಹೋಗಿ, ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಮುಸ್ತಕೀಮನ ಮುಂದೆ ಫೋನನ್ನು ಇಟ್ಟೆ. ಐವತ್ತು ದಾಟಿದ ಸಮಾಧಾನಿ ಮನುಷ್ಯ. ಕೆಟ್ಟ ಫೋನನ್ನೂ ಹುಷಾರಿಲ್ಲದ ಕೂಸಿನಂತೆ ಎತ್ತಿಕೊಳ್ಳುತ್ತಾನೆ. ಅವನು ಮೈಕಿನ ಚಿತ್ರವೊಂದನ್ನು ತೋರಿಸಿ, ಇದನ್ನು ಒತ್ತಿ ಮಾತಾಡಿರಿ, ಅದೇ ಬರೆದುಕೊಂಡು ಅದೇ ಕಳಿಸುತ್ತದೆ ಅಂದ.

ನಾನು ಒತ್ತಿ ಮಾತಾಡಿದೆ. ಅಕ್ಷರಗಳು ಸಾಲುಗಟ್ಟಿ ಬಂದವು. ಎರಡು ಉಸಿರು ಸುಮ್ಮನಿದ್ದರೆ ವರದಿ ತಾನಾಗಿಯೇ ಹೊರಟುಹೋಯಿತು. ನನಗೆ ಅಂದು ಆದ ಖುಷಿಗೆ ಮುಸ್ತಕೀಮನಿಗೆ ಎರಡು ಕಪ್ ಚಹಾ ಕುಡಿಸಿದೆ.

ಮುಂದಿನ ಇಪ್ಪತ್ತೊಂದು ದಿನ ನಾನು ಆ ಫೋನನ್ನು ಪ್ರೀತಿಸಿದೆ. ರೊಟ್ಟಿ ಬಡಿಯುತ್ತ, ಪಲ್ಯ ತಿರುವುತ್ತ, ಹುಡುಗಿಯರ ಜಡೆ ಹಾಕುತ್ತ ವರದಿ ಹೇಳಿದೆ. ಮಾಳಮ್ಮನೂ ಬಂದು ಅದರ ಬಾಯಿಗೆ ಬಾಯಿ ಇಟ್ಟು ಎರಡು ಮಾತು ಸೇರಿಸುತ್ತಿದ್ದಳು. ಏನು ಬರೆಯಿತು ಎಂದು ಒಂದು ದಿನವೂ ಓದಲಿಲ್ಲ. ಹೇಳಿದ್ದನ್ನು ಬರೆದುಕೊಳ್ಳುವವರ ಹೆಗಲ ಮೇಲಿಂದ ಇಣುಕುವುದು ಮರ್ಯಾದೆಯಲ್ಲ ಎಂದುಕೊಂಡಿದ್ದೆ. ಚಾಳೀಸು ಬೇರೆ ಯಾವಾಗಲೂ ಇನ್ನೊಂದು ಕೋಣೆಯಲ್ಲಿರುತ್ತಿತ್ತು.

ಗುರುವಾರ ನೋಟಿಸು ಕೈಯಲ್ಲಿ ಹಿಡಿದು ಮೊದಲ ಸಲ ಹಳೆಯ ವರದಿಗಳನ್ನು ತೆಗೆದೆ.

ನಾನು ಹೇಳಿದ್ದು, "ಮುಂಜಾನಿ ರೊಟ್ಟಿ ಬಡಿಯಾಕತ್ತೇನ್ರಿ ಸರ್." ಅದು ಬರೆದದ್ದು, "ಮುಂಜಾನೆ ರೊಟ್ಟಿ. ಬಡಿ ಆ ಕತ್ತೆನ ರೀ ಸರ್."

ನಾನು ಹೇಳಿದ್ದು, "ಹುಡುಗ್ಯಾರ್ನ ಸಾಲಿಗಿ ಕಳಸಾಕತ್ತೇನಿ." ಅದು ಬರೆದದ್ದು, "ಹುಡುಗಿಯರನ್ನು ಶಾಲೆಗೆ ಕಳಿಸಾ ಕತ್ತೆ ನೀ."

ಮಾಳಮ್ಮ ಪಾಪ ಎಲ್ಲರ ಪರವಾಗಿ, "ಹಾಲ ಕುಡಸಾಕತ್ತೇವ್ರಿ" ಅಂದಿದ್ದಳು. ಅದು, "ಹಾಲು ಕುಡಿಸಿ ಕತ್ತೆಯವರೇ" ಆಗಿತ್ತು.

ನಮ್ಮ ಕಡೆ ಕೆಲಸವೊಂದು ನಡೆಯುತ್ತಿರುವಾಗ ಮಾಡಾಕತ್ತೇನಿ, ಬರಾಕತ್ತೇನಿ ಎನ್ನುತ್ತೇವೆ. ನಾಗಮಂಗಲದ ಆ ಕಡೆಯವರು ಮಾಡ್ತಾ ಇದ್ದೀನಿ, ಬರ್ತಾ ಇದ್ದೀನಿ ಎನ್ನುತ್ತಾರೆ. ಫೋನಿಗೆ ಕನ್ನಡ ಕಲಿಸಿದ ಪುಣ್ಯಾತ್ಮರು ಆ ಕಡೆಯವರು ಇರಬೇಕು. ನಮ್ಮ ಒಂದೊಂದು ಕೆಲಸದ ಹಿಂದೆಯೂ ಅದಕ್ಕೆ ಒಂದೊಂದು ಕತ್ತೆ ಕಂಡಿತ್ತು. ನಾವು ದುಡಿದಷ್ಟೂ ಕತ್ತೆಗಳು ಹೆಚ್ಚಾಗಿದ್ದವು.

ನಾನೂ ಮಾಳಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾಳಮ್ಮ ನಕ್ಕು ನಕ್ಕು ಒಲೆಯ ಕಟ್ಟೆಗೆ ಒರಗಿದಳು. ಆಮೇಲೆ ನೋಟಿಸಿನ ಕೊನೆಯ ಸಾಲು ನೆನಪಾಯಿತು, ನಗು ನಿಂತಿತು. ತೆಗೆದುಹಾಕಿದರೆ ಈ ವಯಸ್ಸಿನಲ್ಲಿ ಯಾವ ಊರಿಗೆ ಹೋಗಿ ಯಾರಿಗೆ ಅಕ್ಕೋರು ಆಗಲಿ? ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಸೋಮವಾರದವರೆಗೆ ಆ ಮೈಕನ್ನು ಮುಟ್ಟಲಿಲ್ಲ.

ಹೆದರಿಕೆಯ ಹಿಂದೆ ಸಿಟ್ಟೂ ಬಂತು. ಯಾರ ಹೆಸರನ್ನೂ ಹೇಳದೆ ಬರೀ ಕತ್ತೆ ಎಂದಿದ್ದರೆ ಅದು ತಮಗೇ ಎಂದು ಚೆಲುವರಾಜು ಅವರು ಯಾಕೆ ತಿಳಿದುಕೊಳ್ಳಬೇಕಿತ್ತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆದರೆ ಒಂದು ಸಮಾಧಾನವಿತ್ತು. ಸಾಕ್ಷಿ ನನ್ನ ಕೈಯಲ್ಲೇ ಇದೆ. ವಿಚಾರಣೆಯಲ್ಲಿ ಎಲ್ಲರೆದುರು ಫೋನಿಗೆ ಒಂದು ಮಾತು ಹೇಳಿದರೆ ಸಾಕು, ಅದೇ ಕತ್ತೆಯನ್ನು ಬರೆದು ತೋರಿಸುತ್ತದೆ.

ಸೋಮವಾರ ಬಸ್ಸಿನಿಂದ ಇಳಿದಾಗ ಫೋನಿನ ಚಾರ್ಜು ತಳ ಮುಟ್ಟಿತ್ತು. ಮುಸ್ತಕೀಮನ ಅಂಗಡಿಗೆ ಹೋಗಿ, ಇದು ಮಾತು ಮಾತಿಗೂ ಕತ್ತೆ ಎಂದು ಬರೆಯುತ್ತದೆ, ಇವತ್ತು ಸಾಹೇಬರ ಮುಂದೆ ಇದರಲ್ಲಿ ಮಾತಾಡಿ ತೋರಿಸಬೇಕು, ಅರ್ಧ ಗಂಟೆ ಚಾರ್ಜಿಗೆ ಹಚ್ಚು ಎಂದು ಹೇಳಿ, ಹುಡುಗಿಯರಿಗೆ ಎರಡು ಡಜನ್ ಹೇರ್‌ಪಿನ್ನು ತರಲು ಬಜಾರಕ್ಕೆ ಹೋದೆ. ತಿರುಗಿ ಬಂದಾಗ ಮುಸ್ತಕೀಮ ಫೋನನ್ನು ಬಟ್ಟೆಯಿಂದ ಒರೆಸಿ ಕೈಗಿಟ್ಟ.

"ಈಗ ಚಿಂತಿ ಬಿಡ್ರಿ ಅಕ್ಕೋರ," ಅಂದ. "ಸಾಹೇಬ್ರ ಮುಂದ ನಿಮ್ಮ ಮರ್ಯಾದಿಗಿ ನಾ ಜಿಮ್ಮೇದಾರ."

ಒಳ್ಳೆಯ ಮಾತು ಅಂದುಕೊಂಡು ಹೋದೆ.

ಕಚೇರಿಯಲ್ಲಿ ಮೇಜಿನ ಒಂದು ತುದಿಗೆ ಚೆಲುವರಾಜು ಅವರು, ನಡುವೆ ವಿಚಾರಣೆಗೆಂದು ಅಫಜಲಪುರದಿಂದ ಕರೆಸಿದ್ದ ನಿವೃತ್ತ ಹೆಡ್‌ಮಾಸ್ತರು ಚಂದಪ್ಪನವರು ಕೂತಿದ್ದರು. ಮೇಜಿನ ಮೇಲೆ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಪುಸ್ತಕವಿತ್ತು. ನನ್ನ ಅರವತ್ತಮೂರು ವರದಿಗಳ ಸ್ಕ್ರೀನ್‌ಶಾಟ್, ಪುಟಕ್ಕೊಂದು, ಪ್ರತಿ ಕತ್ತೆಯ ಕೆಳಗೂ ಕೆಂಪು ಗೆರೆ. ಮುಂದೆ ಪರಿವಿಡಿ ಕೂಡ ಇತ್ತು. ಬೆಳಗಿನ ಕತ್ತೆಗಳು, ಮಧ್ಯಾಹ್ನದ ಕತ್ತೆಗಳು, ಸಂಜೆಯ ಕತ್ತೆಗಳು ಎಂದು ಬೇರೆ ಬೇರೆ ಅಧ್ಯಾಯ. ಅದರ ಅಚ್ಚುಕಟ್ಟು ನೋಡಿ ನನಗೇ ಗೌರವ ಹುಟ್ಟಿತು.

ಚೆಲುವರಾಜು ಅವರು ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಪುಸ್ತಕದ ನಡುವಿನ ಒಂದು ಪುಟ ತೆಗೆದು ಸಣ್ಣ ದನಿಯಲ್ಲಿ ಮಾತಾಡಿದರು.

"ಮೊದಮೊದಲು ಇದು ಈ ಕಡೆ ಗೌರವದ ಮಾತೇನೋ ಅನ್ಕೊಂಡೆ ಮೇಡಂ, ಹಿಂದೆ ರೀ ಇತ್ತಲ್ಲ. ಆಮೇಲೆ, ಹಾದಿ ನೋಡಾ ಕತ್ತೆ ನೀ ಸರ್, ಯಾವಾಗ ಬರುತ್ತೀರಿ, ಅಂತ ಬಂತು. ಅವತ್ತು ನಂಗೆ ಊಟ ಸೇರ್ಲಿಲ್ಲ."

ನನಗೆ ಅಯ್ಯೋ ಅನ್ನಿಸಿತು. ಆ ದಿನ ಹುಡುಗಿಯರು ಹೊಸ ಕಾರ್ಯದರ್ಶಿಯವರನ್ನು ನೋಡಬೇಕು ಎಂದು ಹಟ ಹಿಡಿದಿದ್ದರು. ನಿಮ್ಮ ಹಾದಿ ನೋಡಾಕತ್ತೇನಿ ಎಂದು ನಾನು ಅಕ್ಕರೆಯಿಂದ ಕರೆದದ್ದು. ಅದನ್ನು ವಿವರಿಸಲು ಹೋದೆ. ವಿವರಿಸುವಾಗ ನನ್ನ ಬಾಯಿ ನನಗೇ ಶತ್ರುವಾಯಿತು. ನಮ್ಮ ಕಡೆ ಕತ್ತೆಗೆ ಕತ್ತೆ ಎನ್ನುವುದೇ ಇಲ್ಲ, ಕತ್ತಿ ಎನ್ನುತ್ತೇವೆ, ನಿಮ್ಮನ್ನು ಬೈಯುವ ಮನಸ್ಸಿದ್ದರೆ ನಾನು ಮೊದಲೇ ಕತ್ತಿ ತೆಗೆಯುತ್ತಿದ್ದೆ ಅಂದುಬಿಟ್ಟೆ.

ಚೆಲುವರಾಜು ಅವರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು. ಅವರ ಊರಲ್ಲಿ ಕತ್ತಿ ಅಂದರೆ ಕೊಯ್ಯುವ ಕತ್ತಿ. ವಿಚಾರಣೆಯ ವೇಳೆ ಆಯುಧದ ಬೆದರಿಕೆ ಎಂಬ ಎರಡನೆಯ ಆರೋಪ ಅಲ್ಲಿಯೇ ದಾಖಲಾಯಿತು.

ಚಂದಪ್ಪ ಮಾಸ್ತರಿಗೆ ಮೊದಲಿನಿಂದಲೇ ಎಲ್ಲ ಅರ್ಥವಾಗಿತ್ತು. ಅವರ ಮೀಸೆ ಅಲುಗುತ್ತಿತ್ತು. ಆದರೆ ಅವರು ನಲವತ್ತು ವರ್ಷ ಪರೀಕ್ಷೆ ನಡೆಸಿದ ಮನುಷ್ಯ. ಬಾಯಿಮಾತು ಸಾಲದು, ಪ್ರಯೋಗ ಮಾಡಿ ತೋರಿಸಬೇಕು ಅಂದರು. ನಾನು ಇದಕ್ಕೇ ಕಾದಿದ್ದೆ. ಫೋನನ್ನು ಮೇಜಿನ ನಡುವೆ ಇಟ್ಟು ಮೈಕು ಒತ್ತಿ ಗಟ್ಟಿಯಾಗಿ ಹೇಳಿದೆ.

"ಮುಂಜಾನಿ ರೊಟ್ಟಿ ಬಡಿಯಾಕತ್ತೇನ್ರಿ ಸರ್."

ಮೂವರೂ ಬಗ್ಗಿದೆವು. ಫೋನು ಬರೆಯಿತು: "ಮುಂಜಾನೆ ರೊಟ್ಟಿ ಬಡಿಯುತ್ತಿದ್ದೇನೆ, ಸರ್."

ಅಲ್ಪವಿರಾಮ ಸಹಿತ.

ನಾನು ಇನ್ನೊಮ್ಮೆ ಹೇಳಿದೆ. ಹಾಲು ಕುಡಿಸಾಕತ್ತೇವ್ರಿ ಅಂದೆ, ಕುಡಿಸುತ್ತಿದ್ದೇವೆ ಎಂದಿತು. ನೋಡಾಕತ್ತೇನಿ, ನೋಡುತ್ತಿದ್ದೇನೆ. ಬರಾಕತ್ತೇನಿ, ಬರುತ್ತಿದ್ದೇನೆ. ಮುಸ್ತಕೀಮನ ಮಾತಿನ ಅರ್ಥ ಆಗ ಹೊಳೆಯಿತು. ಕತ್ತೆ ಎಂದು ಬರೆಯುತ್ತದೆ ಎಂಬ ನನ್ನ ಮಾತನ್ನು ಅವನು ದೂರು ಎಂದುಕೊಂಡು, ನನ್ನ ಮರ್ಯಾದೆ ಉಳಿಸಲು ಹೊಸ ಅಪ್‌ಡೇಟ್ ಹಾಕಿಬಿಟ್ಟಿದ್ದ. ಇಪ್ಪತ್ತೊಂದು ದಿನ ಬರಬೇಕಾಗಿದ್ದ ಬುದ್ಧಿ ಇದಕ್ಕೆ ಇವತ್ತೇ ಬಂದಿತ್ತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬಿ.ಎ. ಓದಿದ ಹೆಂಗಸು, ಒಂದು ಸಲ ಕತ್ತೆ ಅನ್ನಪ್ಪಾ ಎಂದು ಫೋನಿಗೆ ಗೋಗರೆದೆ. ಬೇಗ ಹೇಳಿದೆ, ನಿಧಾನ ಹೇಳಿದೆ, ಮೂಗು ಹಿಡಿದುಕೊಂಡು ಹೇಳಿದೆ. ನನ್ನ ಜೀವಮಾನದಲ್ಲಿ ಮಾಡಿದ, ಮಾಡದ ಕೆಲಸಗಳನ್ನೆಲ್ಲ ಹೇಳಿದೆ: ಒಗಿಯಾಕತ್ತೇನಿ, ಬೀಸಾಕತ್ತೇನಿ, ಈಸಾಕತ್ತೇನಿ, ಕುದರಿ ಹತ್ತಾಕತ್ತೇನಿ. ಮರುಕ ಬಂದು ಚಂದಪ್ಪ ಮಾಸ್ತರೂ ನಾಲ್ಕು ಕ್ರಿಯಾಪದ ಎಸೆದರು. ಫೋನು ಎಲ್ಲವನ್ನೂ ಪಠ್ಯಪುಸ್ತಕದಂತೆ ಬರೆದುಕೊಟ್ಟಿತು. ಕೊನೆಗೆ ನೇರವಾಗಿ "ಕತ್ತೆ" ಎಂದೇ ಹೇಳಿದೆ. ಅದು ಒಂದು ಕ್ಷಣ ಯೋಚಿಸಿ "ಕಥೆ" ಎಂದು ತಿದ್ದಿಕೊಂಡಿತು.

ಯಂತ್ರದಲ್ಲಿ ದೋಷವಿಲ್ಲ ಎಂಬುದು ಸಾಬೀತಾಯಿತು ಎಂದು ಚೆಲುವರಾಜು ಅವರು ಹೇಳಿದರು. ಅವರ ಮುಖದಲ್ಲಿ ಗೆಲುವಿರಲಿಲ್ಲ, ಬೇಸರವಿತ್ತು. ನಾನು ಹೇಳಿದ್ದು ನಿಜವಾಗಲಿ ಎಂದು ಅವರಿಗೂ ಆಸೆಯಿದ್ದಿರಬೇಕು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಚೀಲದಲ್ಲಿದ್ದ ಹೇರ್‌ಪಿನ್ನುಗಳನ್ನು ಹುಡುಗಿಯರಿಗೆ ಯಾರು ಹಂಚುತ್ತಾರೆ ಎಂಬ ಯೋಚನೆ ಬಂತು.

ತೀರ್ಪು ದಾಖಲಿಸಲು ಚೆಲುವರಾಜು ಅವರು ತಮ್ಮ ಫೋನು ತೆಗೆದರು. ಅದೂ ನಮಗೆ ಕೊಟ್ಟಂಥದೇ. ಅದರ ಮೈಕು ಒತ್ತಿ ಹೇಳತೊಡಗಿದರು: "ವಾರ್ಡನ್ ಶಿವಕಾಂತಾ ಅವರ ಸಮಜಾಯಿಷಿಯನ್ನು ಪರಿಶೀಲಿಸಲಾಗಿ..."

ಅಷ್ಟರಲ್ಲಿ ಪಕ್ಕದ ಕೋಣೆಯ ಬಾಗಿಲು ಸ್ವಲ್ಪ ತೆರೆದು, ಕಚೇರಿಯಲ್ಲಿ ಚಹಾ ಮಾಡುವ ಖುರ್ಷಿದ ಇಣುಕಿದಳು. ಅವಳು ಸಾಹೇಬರೆದುರು ಯಾವಾಗಲೂ ಟಿವಿಯವರ ಹಾಗೆ ಮಾತಾಡುತ್ತಾಳೆ. ಇಡೀ ಕಚೇರಿಯೇ ಹಾಗೆ, ಅದಕ್ಕೇ ನಾಲ್ಕು ತಿಂಗಳಾದರೂ ನಮ್ಮ ಮಾತು ಸಾಹೇಬರ ಕಿವಿಗೆ ಬಿದ್ದಿರಲಿಲ್ಲ. ಆದರೆ ಅಂದು ಅವಳು ನನ್ನ ಮುಖ ನೋಡಿ ಗಾಬರಿಯಾಗಿದ್ದಳು. ಗಾಬರಿಯಲ್ಲಿ ಸ್ವಂತ ಮಾತು ಬಂತು.

"ಚಾ ಸೋಸಾಕತ್ತೇನ್ರಿ ಸಾಹೇಬ್ರ, ಅಕ್ಕೋರಿಗಿ ಕುಡಿಸೇ ಕಳಸ್ರಿ," ಅಂದಳು.

ಚೆಲುವರಾಜು ಅವರು ಮಾತು ನಿಲ್ಲಿಸಿ ಪರದೆ ನೋಡಿದರು. ನೋಡುತ್ತಲೇ ಇದ್ದರು. ಚಂದಪ್ಪ ಮಾಸ್ತರು ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು, ತರಗತಿಯಲ್ಲಿ ಪಾಠ ಓದಿಸಿದಂತೆ ಗಟ್ಟಿಯಾಗಿ ಓದಿದರು: "ವಾರ್ಡನ್ ಶಿವಕಾಂತಾ ಅವರ ಸಮಜಾಯಿಷಿಯನ್ನು ಪರಿಶೀಲಿಸಲಾಗಿ ಚಹಾ ಸೋಸಿ ಆ ಕತ್ತೆನ ರೀ ಸಾಹೇಬರೇ ಅಕ್ಕೋರಿಗೆ ಕುಡಿಸಿಯೇ ಕಳಿಸಿರಿ."

ಅರವತ್ತನಾಲ್ಕನೆಯದು ಅದು. ಅದರಂಥ ಚಂದದ ಕತ್ತೆಯನ್ನು ನಾನು ಇನ್ನೂ ಕಂಡಿಲ್ಲ.

ಅವರ ಫೋನಿಗೆ ಯಾಕೆ ಬುದ್ಧಿ ಬಂದಿರಲಿಲ್ಲ ಎಂಬುದೂ ಗೊತ್ತಾಯಿತು. ಹೊಸ ಅಪ್‌ಡೇಟ್ ಬಂದು ಅವರ ಬಾಗಿಲನ್ನೂ ವಾರದಿಂದ ತಟ್ಟುತ್ತಿತ್ತು. ಒಳಗೆ ಹೋಗಲು ಜಾಗವಿರಲಿಲ್ಲ. ಕಡತ, ನಕಲು, ನಕಲಿನ ನಕಲು ಎಂದು ಎಲ್ಲವನ್ನೂ ತುಂಬಿ, ಉಳಿದಿದ್ದ ಅಷ್ಟಿಷ್ಟು ಜಾಗದಲ್ಲಿ ನನ್ನ ಅರವತ್ತಮೂರು ಕತ್ತೆಗಳನ್ನು ಕಟ್ಟಿಹಾಕಿದ್ದರು.

ಖುರ್ಷಿದ ಚಹಾ ತಂದಳು. ಎರಡೂ ಆರೋಪಗಳನ್ನು ಕೈಬಿಡಲಾಗಿದೆ ಎಂದು ಚಂದಪ್ಪ ಮಾಸ್ತರು ಪೆನ್ನಿನಿಂದ ಬರೆದು ಸಹಿ ಮಾಡಿದರು. ಕತ್ತೆಗಳನ್ನು ಇನ್ನು ಅಳಿಸಿ, ಫೋನು ಹಗುರಾಗಲಿ ಅಂದೆ. ಚೆಲುವರಾಜು ಅವರು ತಲೆಯಾಡಿಸಿದರು. ವಿಚಾರಣೆಯ ಸಾಕ್ಷ್ಯವನ್ನು ಮೂರು ವರ್ಷ ಕಾಪಾಡಬೇಕು ಎಂದು ನಿಯಮವಿದೆಯಂತೆ. ಆ ನಿಯಮ ಮಾಡಿದವರು ಯಾರು ಎಂದು ಕೇಳಿದೆ. ಹೋದ ತಿಂಗಳು ಅವರೇ ಮಾಡಿದ್ದಂತೆ.

ಹೇರ್‌ಪಿನ್ನುಗಳನ್ನು ನಾನೇ ಹಂಚಿದೆ.

ಅಂದಿನಿಂದ ನನ್ನ ಫೋನು ತಪ್ಪು ಮಾಡಿಲ್ಲ. ನಾನು ಏನೇ ಹೇಳಲಿ, ತೊಳೆದು ಇಸ್ತ್ರಿ ಹಾಕಿ ಕಳಿಸುತ್ತದೆ. ಮಟಕಿ ಊರಿನಲ್ಲಿರುವ ನನ್ನ ದೊಡ್ಡವ್ವ ಗಂಗಾಬಾಯಿಗೆ ಒಮ್ಮೆ ಅದರಲ್ಲೇ ಸುದ್ದಿ ಕಳಿಸಿದೆ. "ನಿನ್ನನ್ನು ನೆನೆಯುತ್ತಿದ್ದೇನೆ" ಎಂದು ಹೋಯಿತಂತೆ. ಯಾರಿಂದಲೋ ಓದಿಸಿಕೊಂಡ ದೊಡ್ಡವ್ವ ಫೋನು ಮಾಡಿ, "ಯಾರ ಕಡಿಂದ ಬರಸೀಬೇ ಇದನ್ನ? ನಿನ್ನ ಮಾತೇ ಅಲ್ಲ ಇದು," ಅಂದಳು. ಅಷ್ಟು ದಿನ ಮುಸ್ತಕೀಮನನ್ನು ಹರಸುತ್ತಿದ್ದವಳಿಗೆ ಅಂದು ಒಳಗೆ ಏನೋ ಚುರುಕ್ ಅಂದಿತು.

ಹೋದ ವಾರ ಕಾರ್ಯದರ್ಶಿಯವರಿಂದ ಒಂದು ಸಂದೇಶ ಬಂತು. ಚಾಳೀಸು ಹಾಕಿಕೊಂಡು ಓದಿದೆ.

"ನಾಳೆ ನಿಂಬರ್ಗಾಕ್ಕೆ ಬಾರಾ ಕತ್ತೆ ನೀ ಮೇಡಂ. ಹುಡುಗಿಯರ ಜೊತೆ ಉಣ್ಣಾ ಕತ್ತೆ ನೀ."

ಎರಡು ಸಲ ಓದಿದ ಮೇಲೆ ತಿಳಿಯಿತು. ನಾಗಮಂಗಲದ ಮನುಷ್ಯ ಇನ್ನೂ ಅಪ್‌ಡೇಟ್ ಆಗದ ತಮ್ಮ ಫೋನಿಗೆ ಬಾಯಿ ಹಚ್ಚಿ, ಬರಾಕತ್ತೇನಿ, ಉಣ್ಣಾಕತ್ತೇನಿ ಎಂದು ನಮ್ಮ ಮಾತು ಆಡಲು ಹೋಗಿದ್ದರು. ನಾಳೆ ಬರುವವರು ಬರ್ತೇನಿ ಅನ್ನಬೇಕಿತ್ತು, ಅಷ್ಟು ಇನ್ನೂ ಬರುವುದಿಲ್ಲ, ಇರಲಿ. ನಾನು ನಗುತ್ತ ಮಾಳಮ್ಮನಿಗೆ ತೋರಿಸಿದೆ. ನಗುತ್ತಿದ್ದಂತೆ ಕಣ್ಣು ಒದ್ದೆಯಾಯಿತು. ಆ ಎರಡು ಕತ್ತೆಗಳಿಗೆ ನಾನು ಸ್ಪೈರಲ್ ಬೈಂಡಿಂಗ್ ಮಾಡಿಸಲಿಲ್ಲ.

ಉತ್ತರ ಕೊಡಲು ಮೈಕು ಮುಟ್ಟಲಿಲ್ಲ. ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದೆ. ಕ ಒತ್ತಿದರೆ ಗ ಬಿತ್ತು, ಅಳಿಸಿದೆ. ಫೋನು ನಡುನಡುವೆ ಕೆಂಪು ಗೆರೆ ಎಳೆದು, ನೋಡುತ್ತಿದ್ದೇವೆ ಎಂದು ಬರೆಯಲೇ ಎಂದು ಕೇಳಿತು. ಬೇಡ ಅಂದೆ. ಮತ್ತೆ ಕೇಳಿತು. ಮತ್ತೆ ಬೇಡ ಅಂದೆ. ಮುಕ್ಕಾಲು ಗಂಟೆ ಹಿಡಿಯಿತು, ಒಲೆಯ ಮೇಲಿನ ಸಾರು ತಳ ಹತ್ತಿತು.

"ಬರ್ರಿ ಸರ್," ಎಂದು ಬರೆದು ಕಳಿಸಿದೆ. "ಹಾದಿ ನೋಡಾಕತ್ತೇವಿ."